ಮಾಟುಂಗದಲ್ಲಿ ಕೂತು ಇಂಗ್ಲೆಂಡಿನ ಪುಟ್ಟ ಊರಿನ ಚರಿತ್ರೆ ಕೆದಕೋದು

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈಗ ಮಗನೋ ಮಗಳೋ ಇಂಗ್ಲೆಂಡಿನಲ್ಲಿರೋದು ಮಾಮೂಲು. ನನ್ನ ಮಗಳು-ಅಳಿಯ ಬಾಡಿಗೆಗೆ ಹಿಡಿದಿರೋದು ಹದಿನೈದಿಪ್ಪತ್ತು ಮನೆಗಳ ಹ್ಯಾಮ್ಲೆಟ್. ಅಂಥ ಊರಿಗೆಂಥ ಚರಿತ್ರೆ ಅನ್ನಬೇಡಿ. ಕಾಗದಪತ್ರ ಬೇಕಾದಷ್ಟಿವೆ, ಬೇರೆ ಊರಿನ ಹೆಸರಲ್ಲಿವೆ ಅಷ್ಟೆ.

ಹ್ಯಾಮ್ಲೆಟ್ ಅಂದ್ರೆ ಸಾಮಾನ್ಯವಾಗಿ ಸ್ವಂತ ಚರ್ಚ್ ಇಲ್ಲದ ಮಜರೆ. ಹಾಗಾಗಿ ಮೊದಲು ಅದು ಯಾವ ಪ್ಯಾರಿಷ್‌ಗೆ, ಅಂದ್ರೆ ಯಾವ ಚರ್ಚಿನ ವ್ಯಾಪ್ತಿಗೆ, ಸೇರಿತ್ತು ಅಂತ ಪತ್ತೆ ಮಾಡಿ. ನಾಮಕರಣ, ಮದುವೆ, ಮಣ್ಣು ಎಲ್ಲ ಅಲ್ಲಿನ ಚರ್ಚ್ ರಿಜಿಸ್ಟರಿನಲ್ಲಿರುತ್ತೆ. 1538ರಲ್ಲಿ ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಹುಕುಂ ಹೊರಡಿಸಿದ ಮೇಲೆ ಶುರುವಾದ ಪದ್ಧತಿ ಅದು. ಜನ ನೇರ 1086ರ ಡೂಮ್ಸ್‌ಡೇ ಪುಸ್ತಕಕ್ಕೆ, ಅಂದ್ರೆ ದೊರೆ ಮಾಡಿಸಿದ ಊರು-ಜಮೀನಿನ ಲೆಕ್ಕದ ಪುಸ್ತಕಕ್ಕೆ, ಓಡ್ತಾರೆ. ಅಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ಊರೇ ಇರಲಿಲ್ಲ ಅಂತಲ್ಲ, ದೊಡ್ಡ ಊರಿನ ಲೆಕ್ಕದಲ್ಲೇ ಸೇರಿಸಿರಬಹುದು.

ನನ್ನ ಕೇಳಿದರೆ ನಿಜವಾದ ನಿಧಿ ಟೈದ್ ನಕ್ಷೆ. ಚರ್ಚಿಗೆ ಸಲ್ಲುತ್ತಿದ್ದ ಫಸಲಿನ ಹತ್ತನೇ ಪಾಲನ್ನು ದುಡ್ಡಿನ ಲೆಕ್ಕಕ್ಕೆ ತರೋಕೆ 1836ರಲ್ಲಿ ಕಾಯ್ದೆ ಬಂತು; ಅದಕ್ಕಾಗಿ ಹೊಲ ಹೊಲ ಅಳೆದು ನಕ್ಷೆ ಬರೆದರು. ಜೊತೆಗಿರೋ ಪಟ್ಟಿ ಥೇಟ್ ಇಲ್ಲಿನ ಸಾತ್-ಬಾರಾ, ಅಂದ್ರೆ ಊರ ಕಡೆಯ ಪಹಣಿ: ಪ್ಲಾಟ್ ನಂಬರ್, ಮಾಲೀಕ, ಸ್ವಾಧೀನದಲ್ಲಿರುವವ, ಹೊಲದ ಹೆಸರು, ಉಳುಮೆಯೋ ಹುಲ್ಲುಗಾವಲೋ, ವಿಸ್ತೀರ್ಣ. ಎಕರೆ, ರೂಡ್, ಪರ್ಚ್ ಅಂತ ಮೂರು ಕಾಲಮ್ ಕಂಡು ಗಾಬರಿಯಾಗಬೇಡಿ. 40 ಪರ್ಚಿಗೆ ಒಂದು ರೂಡ್, 4 ರೂಡಿಗೆ ಎಕರೆ. ಅಂದ್ರೆ ಒಂದು ರೂಡ್ ನಮ್ಮ ಹತ್ತು ಗುಂಟೆ. ಕೆಲವು ಪ್ಯಾರಿಷ್‌ಗೆ ಈ ನಕ್ಷೆ ಇರಲ್ಲ, ಅಲ್ಲಿ ಎನ್‌ಕ್ಲೋಷರ್ ನಕ್ಷೆ, ಅಂದ್ರೆ ಊರೊಟ್ಟಿನ ಜಮೀನನ್ನು ಬೇಲಿ ಹಾಕಿ ಹಂಚಿದಾಗ ಬರೆದ ನಕ್ಷೆ, ಕೇಳಿ.

ಪಟ್ಟಿಯಲ್ಲಿ ಸಿಕ್ಕ ಹೆಸರುಗಳನ್ನು 1841ರ ಜನಗಣತಿ ಜೊತೆ ತಾಳೆ ನೋಡಿ. ಆ ಸಲ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯೋಕೆ ಹೇಳಿದ್ದರು, 39 ಇದ್ದವನು 35 ಆಗಿರ್ತಾನೆ. ಹುಟ್ಟಿದ ಊರು ಬೇಕಂದ್ರೆ 1851ಕ್ಕೆ ಬನ್ನಿ. ಸಾಲು ಸಾಲಾಗಿ 'ಆಗ್ ಲ್ಯಾಬ್' ಅಂತ ಕಾಣೋದು ಹೊಲದ ಕೂಲಿಯವರು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕಣ್ಣು ನನ್ನದು, ಗುಮಾಸ್ತರ ಅಕ್ಷರಕ್ಕೆ ಹೆದರಲ್ಲ. ನಿಮಗೆ ಕಷ್ಟವಾದರೆ ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟಿನಲ್ಲಿ 1881ರದ್ದು ಅಚ್ಚಿನ ಅಕ್ಷರದಲ್ಲೇ ಪುಕ್ಕಟೆ ಸಿಗುತ್ತೆ. 1931ರದ್ದು ಬೆಂಕಿಗೆ ಹೋಯ್ತು, 1941ರಲ್ಲಿ ಯುದ್ಧ ಅಂತ ಗಣತಿಯೇ ಆಗಲಿಲ್ಲ.

ಹಳೇ ಸರ್ವೆ ನಕ್ಷೆಗಳಿಗೆ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಸೈಟ್ ನೋಡಿ. ಇಂಗ್ಲೆಂಡಿನದ್ದೂ ಇದೆ, ದುಡ್ಡಿಲ್ಲ.

ಇಷ್ಟಾದ ಮೇಲೆ ಕೌಂಟಿ (ಅಲ್ಲಿನ ಜಿಲ್ಲೆ) ರೆಕಾರ್ಡ್ ಆಫೀಸಿಗೆ ಫೋನ್ ಮಾಡಿ. ಅವರ ಬೆಳಿಗ್ಗೆ ಹತ್ತು ಅಂದ್ರೆ ಚಳಿಗಾಲದಲ್ಲಿ ನಮ್ಮ ಮೂರೂವರೆ, ಬೇಸಿಗೆಯಲ್ಲಿ ಎರಡೂವರೆ. ಪ್ಯಾರಿಷ್ ಹೆಸರು, ಪ್ಲಾಟ್ ನಂಬರ್ ಕೈಯಲ್ಲಿ ಹಿಡಿದೇ ಮಾತಾಡಿ.