ಅಂಟಿಲ್ಲದ ಸ್ಕಿನ್‌ಗಳೊಂದಿಗೆ ಹಿಮದ ಏರು: ನನ್ನ ಅನುಭವ

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಇನ್ಸ್‌ಬ್ರುಕ್‌ನ ಸುತ್ತಮುತ್ತ ಸ್ಕೀ ಟೂರಿಂಗ್ ಮಾಡುವವರು ಹವಾಮಾನ ಮತ್ತು ಹಿಮಕುಸಿತದ ಮುನ್ಸೂಚನೆಯನ್ನು ಬಿಟ್ಟರೆ ಅತಿ ಹೆಚ್ಚು ಮಾತನಾಡುವುದು ಸ್ಕಿನ್‌ಗಳ ಬಗ್ಗೆ. ಲಿಫ್ಟ್‌ನ ನೆರವಿಲ್ಲದೆ ಸ್ಕೀಗಳನ್ನು ಕಾಲಿಗೆ ತೊಟ್ಟುಕೊಂಡೇ ಬೆಟ್ಟ ಹತ್ತಿ, ಮೇಲಿನಿಂದ ಜಾರಿ ಇಳಿಯುವುದು ಈ ಆಟದ ಕ್ರಮ. ಹತ್ತುವಾಗ ಸ್ಕೀ ಹಿಂದಕ್ಕೆ ಜಾರದಂತೆ ಅದರ ತಳಕ್ಕೆ ತುದಿಯಿಂದ ಬಾಲದವರೆಗೆ ಅಂಟಿಸುವ, ಒಂದು ಬದಿಯಲ್ಲಿ ರೋಮವಿರುವ ಪಟ್ಟಿಯೇ ಸ್ಕಿನ್. ಹಿಂದೆ ಸೀಲ್ ಪ್ರಾಣಿಯ ಚರ್ಮವನ್ನು ಬಳಸುತ್ತಿದ್ದರು. ಈಗ ಅಂಗೋರಾ ಮೇಕೆಯ ಕೂದಲಾದ ಮೊಹೇರ್, ನೈಲಾನ್, ಅಥವಾ ಎರಡರ ಮಿಶ್ರಣ ಬಳಕೆಯಲ್ಲಿದೆ. ರೋಮಗಳು ಹಿಂದಕ್ಕೆ ಬಾಗಿರುವುದರಿಂದ ಸ್ಕೀ ಮುಂದಕ್ಕೆ ಸಲೀಸಾಗಿ ಸರಿಯುತ್ತದೆ. ಹಿಂದಕ್ಕೆ ಜಾರಲು ಹೊರಟಾಗ ಅವೇ ರೋಮಗಳು ಎದ್ದು ನಿಂತು ಹಿಮವನ್ನು ಕಚ್ಚುತ್ತವೆ.

ಪಟ್ಟಿಯ ಇನ್ನೊಂದು ಬದಿಯಲ್ಲಿ ಸಾಮಾನ್ಯವಾಗಿ ಇರುವುದು ಕಾಯಿಸಿ ಹಚ್ಚಿದ ಹಾಟ್-ಮೆಲ್ಟ್ ಅಂಟು. ಅದು ಬೆರಳಿಗೆ ಮೆತ್ತುತ್ತದೆ, ಪೈನ್ ಮರದ ಎಲೆಯಿಂದ ಹಿಡಿದು ನಾಯಿಯ ಕೂದಲಿನವರೆಗೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲಿಗೆ ನಿಂತ ಕಾರಿನಲ್ಲಿ ಮರೆತರೆ ಎಳೆಎಳೆಯಾಗಿ ಸ್ಕೀಯ ತಳಕ್ಕೆ ಹತ್ತಿಕೊಳ್ಳುತ್ತದೆ. ಅಂಟಿಲ್ಲದ ಸ್ಕಿನ್‌ಗಳಲ್ಲಿ ಈ ಜಾಗದಲ್ಲಿ ಸಿಲಿಕೋನ್ ಅಥವಾ ಅಕ್ರಿಲಿಕ್ ಜಾತಿಯ ತೆಳುವಾದ, ನಯವಾದ ಪದರ ಇರುತ್ತದೆ. ಬೆರಳಿಟ್ಟರೆ ತುಸು ಹಿಡಿದಂತೆ ಅನ್ನಿಸುತ್ತದೆ, ತೆಗೆದಾಗ ಬೆರಳಿನಲ್ಲಿ ಏನೂ ಉಳಿಯುವುದಿಲ್ಲ. ಅಂಗಡಿಯಲ್ಲಿ ಮೊದಲ ಸಲ ಮುಟ್ಟಿ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವ ವಸ್ತು 1,200 ಮೀಟರ್ ಏರಿನುದ್ದಕ್ಕೂ ಕಚ್ಚಿಕೊಂಡಿರುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಪಡೆಯಲು ನಾನು ಆರಿಸಿಕೊಂಡ ದಾರಿ ಸರಳವಾಗಿತ್ತು. ಎಡಗಾಲಿನ ಸ್ಕೀಗೆ ಹಾಟ್-ಮೆಲ್ಟ್ ಅಂಟಿನ ಸ್ಕಿನ್, ಬಲಗಾಲಿನದಕ್ಕೆ ಅಂಟಿಲ್ಲದ್ದು. ಎರಡರ ರೋಮವೂ 70 ಶೇಕಡಾ ಮೊಹೇರ್, 30 ಶೇಕಡಾ ನೈಲಾನ್. ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಹಿಮದ ಮೇಲೆ ನಡೆದು ಹೋಲಿಸಿದರೆ ವ್ಯತ್ಯಾಸ ಸ್ಕಿನ್‌ನದೋ ಹಿಮದ್ದೋ ಎಂದು ಹೇಳಲಾಗುವುದಿಲ್ಲ. ಒಂದೇ ದಿನ, ಒಂದೇ ಜಾಡು, ಒಂದೇ ದೇಹಭಾರವಾದರೆ ಆ ಗೊಂದಲ ಇರುವುದಿಲ್ಲ. ಮ್ಯೂನಿಕ್‌ನಿಂದ ಬಂದು ನನ್ನೊಡನೆ ಸೇರಿಕೊಂಡ ಮಂಗಳೂರಿನ ಗೆಳೆಯ ಪಾರ್ಕಿಂಗ್ ಜಾಗದಲ್ಲಿ ಎರಡು ಬಣ್ಣದ ಪಟ್ಟಿಗಳನ್ನು ನೋಡಿ, "ಎಂಥ ಮಾರಾಯ, ಗಡಿಬಿಡಿಯಲ್ಲಿ ಯಾರದ್ದೋ ಒಂದು ಎತ್ತಿಕೊಂಡು ಬಂದದ್ದಾ?" ಎಂದು ಕೇಳಿದ. ಸಂಜೆಯ ಹೊತ್ತಿಗೆ ಅವನೂ ನನ್ನ ಬಲಗಾಲಿನ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

ಹೋದದ್ದು ಸೆಲ್‌ರೈನ್ ಪ್ರದೇಶದ ಪ್ರಾಕ್ಸ್‌ಮಾರ್‌ಗೆ. ಅಲ್ಲಿ 1,689 ಮೀಟರ್ ಎತ್ತರದಿಂದ ಹೊರಟು 2,875 ಮೀಟರಿನ ಲಾಂಪ್ಸೆನ್‌ಸ್ಪಿಟ್ಸೆಗೆ ಏರುವ ದಾರಿ ಟಿರೋಲ್‌ನವರಿಗೆಲ್ಲ ಪರಿಚಿತ. ಜನವರಿಯ ಬೆಳಿಗ್ಗೆ, ಮೈನಸ್ 16 ಡಿಗ್ರಿ, ಒಣ ಪುಡಿಹಿಮ. ಹತ್ತುವಾಗ ಎರಡು ಕಾಲುಗಳ ನಡುವೆ ಯಾವ ಭೇದವೂ ಗೊತ್ತಾಗಲಿಲ್ಲ. ಇದು ಅಚ್ಚರಿಯ ಮಾತಲ್ಲ, ಆದರೆ ಹೊಸಬರು ಪದೇಪದೇ ತಪ್ಪು ತಿಳಿಯುವ ಮಾತು: ಹಿಮವನ್ನು ಕಚ್ಚುವುದು, ಮುಂದಕ್ಕೆ ಜಾರುವುದು ಇವೆರಡೂ ರೋಮದ ಕೆಲಸ. ಮೊಹೇರ್ ಹೆಚ್ಚಿದಷ್ಟೂ ಪಟ್ಟಿ ಹಗುರವಾಗಿ ಜಾರುತ್ತದೆ, ನೈಲಾನ್ ಹೆಚ್ಚಿದಷ್ಟೂ ಬಿಗಿಯಾಗಿ ಹಿಡಿಯುತ್ತದೆ ಮತ್ತು ಹೆಚ್ಚು ಕಾಲ ಬಾಳುತ್ತದೆ. ಕಡಿದಾದ ಗಟ್ಟಿ ಜಾಡಿನಲ್ಲಿ ಹಿಂದಕ್ಕೆ ಜಾರಿದವರು ಬೈಯಬೇಕಾದದ್ದು ರೋಮವನ್ನು, ಇಲ್ಲವೇ ಮುಂದಕ್ಕೆ ಬಾಗಿ ಹಿಮ್ಮಡಿಯ ಭಾರ ಕಳೆದುಕೊಂಡ ತಮ್ಮದೇ ನಿಲುವನ್ನು. ಅಂಟಿನ ಬದಿಯಲ್ಲಿ ಏನಿದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಭೇದ ತೋರಿದ್ದು ಶಿಖರದಲ್ಲಿ. ಬಲಗಾಲಿನ ಬೂಟನ್ನು ಬೈಂಡಿಂಗ್‌ನಿಂದ, ಅಂದರೆ ಅದನ್ನು ಸ್ಕೀಗೆ ಹಿಡಿದಿಡುವ ಕೊಂಡಿಯಿಂದ, ಬಿಡಿಸದೆಯೇ ಬಾಲದ ಕೊಕ್ಕೆ ಕಳಚಿ, ತುದಿಯಿಂದ ಹಿಡಿದು ಎಳೆದರೆ ಪಟ್ಟಿ ಒಂದೇ ಸಲಕ್ಕೆ ಬಂದುಬಿಟ್ಟಿತು. ಎಡಗಾಲಿನದಕ್ಕೆ ಸ್ಕೀ ಕಳಚಿ, ಹಿಮದಲ್ಲಿ ನೆಟ್ಟು, ಎರಡು ಕೈ ಹಾಕಬೇಕಾಯಿತು. ಸ್ವಲ್ಪ ಇಳಿದು ಎರಡನೆಯ ಸಲ ಹತ್ತಲು ನಿಂತಾಗ ಅಂತರ ಇನ್ನೂ ಹೆಚ್ಚಿತು. ಅಂಟಿಗೆ ಅಂಟು ಸೇರಿಸಿ ಮಡಚಿದ್ದ ಎಡಗಾಲಿನ ಪಟ್ಟಿಯನ್ನು ಬಿಡಿಸಲು ಅದರ ಒಂದು ತುದಿಯನ್ನು ಬೂಟಿನಡಿ ಒತ್ತಿ ಹಿಡಿದು ಮೈಭಾರವೆಲ್ಲ ಹಾಕಿ ಎಳೆಯಬೇಕಾಯಿತು. ಹಾಗೆ ಬಿಡಿಸಿದ ಮೇಲೂ ಚಳಿಗೆ ಗಡುಸಾಗಿದ್ದ ಅಂಟು ಬಾಲದ ಕಡೆ ಸ್ಕೀಯನ್ನು ಸರಿಯಾಗಿ ಹಿಡಿಯಲಿಲ್ಲ. ಬಲಗಾಲಿನದು ಎರಡು ಬೆರಳಿಗೆ ಬಿಚ್ಚಿಕೊಂಡಿತು, ಮತ್ತು ಅದರ ಪದರ ಬೆಳಿಗ್ಗೆ ಇದ್ದಷ್ಟೇ ಮೆತ್ತಗಿತ್ತು. ಟಿರೋಲ್‌ನ ಚಳಿ ಎಷ್ಟೇ ಹೆಚ್ಚಿದರೂ ಸಿಲಿಕೋನ್ ರಬ್ಬರು ಗಡುಸಾಗುವುದಿಲ್ಲ. ಗಾಳಿ ಬೀಸುವ ದಿಣ್ಣೆಯ ಮೇಲೆ ಕೈಗವಸು ಕಳಚದೆ ಕೆಲಸ ಮುಗಿಸಬಹುದಾದದ್ದು ನನಗೆ ಈ ಸ್ಕಿನ್‌ಗಳ ಅತಿ ದೊಡ್ಡ ಗುಣವಾಗಿ ಕಂಡಿದೆ.

ಅದೇ ಎರಡನೆಯ ಏರಿನ ಹೊತ್ತಿಗೆ ಇವುಗಳ ದೌರ್ಬಲ್ಯವೂ ಕಣ್ಣಿಗೆ ಬಿತ್ತು. ಇಳಿದು ಬಂದ ಸ್ಕೀಯ ತಳದಲ್ಲಿ, ಉಕ್ಕಿನ ಅಂಚಿಗೆ ತಾಗಿ, ಬೆರಳಗಲದ ಒಂದು ಪಟ್ಟೆಯಲ್ಲಿ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿತ್ತು. ಬರಿಗಣ್ಣಿಗೆ ಅದು ತಳ ಸ್ವಲ್ಪ ಮಂಕಾದಂತೆ ಮಾತ್ರ ಕಾಣುತ್ತಿತ್ತು. ಸ್ಕಿನ್ ಒತ್ತಿದಾಗ ಉಳಿದ ಭಾಗವೆಲ್ಲ ತಳಕ್ಕೆ ಒಂದಾಗಿ ಕೂತಿತು. ಆ ಪಟ್ಟೆಯ ಮೇಲೆ ಮಾತ್ರ ಅಂಚು ತೆರೆದುಕೊಂಡು, ಒಳಗೆ ಹಿಮದ ಪುಡಿ ನುಗ್ಗುವಷ್ಟು ಸಂದು ಉಳಿಯಿತು. ಪಟ್ಟಿಯನ್ನು ಅಷ್ಟು ದೂರ ಮಾತ್ರ ಎಬ್ಬಿಸಿ, ಪ್ಲಾಸ್ಟಿಕ್ ಕಾರ್ಡಿನಿಂದ ಮಂಜನ್ನು ಕೆರೆದು, ಅಂಗೈಯನ್ನು ಕೆಲವು ಕ್ಷಣ ಅಲ್ಲಿಟ್ಟು ತೇವ ಒರೆಸಿ ಮತ್ತೆ ಒತ್ತಿದ ಮೇಲೆ ಅದು ದಿನದ ಕೊನೆಯವರೆಗೂ ಅಲುಗಲಿಲ್ಲ. ಎಡಗಾಲಿನ ಸ್ಕೀಯ ತಳದಲ್ಲೂ ಅಂಥದ್ದೇ ಮಂಜು ಇತ್ತು, ಅದನ್ನು ನಾನು ಹಾಗೆಯೇ ಬಿಟ್ಟಿದ್ದೆ. ಬಾಲದ ಕಡೆಯ ತೊಂದರೆ ಬಿಟ್ಟರೆ ಅಂಟು ಅದನ್ನು ಲೆಕ್ಕಿಸದೆ ನಿಂತಿತು.

ಕಾರಣವನ್ನು ತಿಳಿದುಕೊಂಡರೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ಹಾಟ್-ಮೆಲ್ಟ್ ಅಂಟು ದಪ್ಪವಾಗಿರುತ್ತದೆ, ಸ್ವಲ್ಪ ಹರಿಯುತ್ತದೆ, ಹಾಗಾಗಿ ಸಣ್ಣಪುಟ್ಟ ಕಸ, ಅಲ್ಪಸ್ವಲ್ಪ ಮಂಜು ಅಡ್ಡ ಬಂದರೂ ಅದರ ಸುತ್ತ ಹಬ್ಬಿ ಹಿಡಿಯುತ್ತದೆ. ಅಂಟಿಲ್ಲದ ಪದರ ಹಿಡಿಯುವುದು ಎರಡು ನಯವಾದ ಮೈಗಳು ನಡುವೆ ಏನೂ ಇಲ್ಲದಂತೆ ಕೂಡಿಕೊಂಡಾಗ ಅಣುಗಳ ನಡುವೆ ಹುಟ್ಟುವ ಸಣ್ಣ ಸೆಳೆತದಿಂದ. ಮೊಬೈಲ್‌ಗೆ ಸ್ಕ್ರೀನ್ ಗಾರ್ಡ್ ಅಂಟಿಸುವಾಗ ಒಂದು ಧೂಳಿನ ಕಣ ಸಿಕ್ಕಿದರೆ ಅದರ ಸುತ್ತ ಗುಳ್ಳೆ ಉಳಿಯುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ನೀರಿನ ತೆಳು ಪೊರೆಯಾಗಲಿ ಮಂಜಾಗಲಿ ನಡುವೆ ಬಂದರೆ ಆ ಸೆಳೆತವೇ ಇರುವುದಿಲ್ಲ. ಇನ್ನೊಂದು ವಿಷಯವೂ ಇದೆ. ಇವುಗಳು ಜಾರುವ ಎಳೆತಕ್ಕೆ, ಅಂದರೆ ಸ್ಕೀಯ ಉದ್ದಕ್ಕೆ ಬೀಳುವ ಬಲಕ್ಕೆ, ಚೆನ್ನಾಗಿ ತಡೆಯೊಡ್ಡುತ್ತವೆ; ಅಂಚಿನಿಂದ ಸುಲಿಯುವ ಎಳೆತಕ್ಕೆ ಬೇಗ ಸೋಲುತ್ತವೆ. ಶಿಖರದಲ್ಲಿ ಸಲೀಸಾಗಿ ಬಿಡಿಸಿಕೊಳ್ಳುವ ಗುಣ, ಓರೆ ಇಳಿಜಾರಿನ ಗಟ್ಟಿ ಹಿಮದಲ್ಲಿ ಅಂಚು ಎದ್ದುಬಿಡುವ ದೋಷ, ಎರಡೂ ಒಂದೇ ಕಾರಣದಿಂದ ಬಂದವು.

ಆದ್ದರಿಂದ ನಾನು ಕತ್ತರಿಸುವಾಗಲೇ ಎಚ್ಚರ ವಹಿಸುತ್ತೇನೆ: ಉಕ್ಕಿನ ಅಂಚು ಎರಡೂ ಬದಿಯಲ್ಲಿ ಪೂರ್ತಿ ಹೊರಗೆ ಕಾಣಬೇಕು, ಆದರೆ ಸ್ಕಿನ್ ಅದಕ್ಕಿಂತ ಹೆಚ್ಚು ಒಳಕ್ಕೆ ಸರಿಯಬಾರದು. ಅಂಚಿನ ಮೇಲೆ ಹತ್ತಿದ ಸ್ಕಿನ್ ಓರೆ ನಡಿಗೆಯಲ್ಲಿ ಮೊದಲು ಸುಲಿಯುತ್ತದೆ. ಬಾಲದ ಕೊಕ್ಕೆಯ ಬಿಗಿತವೂ ಇಲ್ಲಿ ಮುಖ್ಯ. ಅಂಟು ಬಲವಾಗಿರುವ ಹಳೆಯ ಸ್ಕಿನ್‌ನಲ್ಲಿ ಕೊಕ್ಕೆ ಸಡಿಲವಿದ್ದರೂ ನಡೆದೀತು, ಇದರಲ್ಲಿ ನಡೆಯದು. ಏರಿನ ನಡುವೆ ಇಳಿದು ಮತ್ತೆ ಹತ್ತುವ ಯೋಜನೆಯಿದ್ದರೆ ಮಡಚಿದ ಸ್ಕಿನ್‌ಗಳು ಚೀಲಕ್ಕೆ ಹೋಗುವುದಿಲ್ಲ, ಜಾಕೆಟ್ಟಿನ ಒಳಗೆ ಹೊಟ್ಟೆಯ ಮೇಲೆ ಇರುತ್ತವೆ. ಚಳಿಯಿಂದ ಕಾಪಾಡಲು ಅಲ್ಲ, ಮೇಲೆ ಬಿದ್ದ ಹಿಮ ಕರಗಿ ಒಣಗಲಿ ಎಂದು. ಹಚ್ಚುವ ಮೊದಲು ತಳವನ್ನು ಕೆರೆದು, ಜೇಬಿನಲ್ಲಿರುವ ಸಣ್ಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ತುದಿಯಿಂದ ಬಾಲದವರೆಗೆ ಅಂಗೈಯಿಂದ ಒತ್ತುತ್ತ ಹೋಗುತ್ತೇನೆ. ಹಾಟ್-ಮೆಲ್ಟ್ ಸ್ಕಿನ್ ಬಿಡಿಸುವ ಪಾಡಿಗೆ ಹೋಲಿಸಿದರೆ ಒಟ್ಟು ಸಮಯ ಕಡಿಮೆಯೇ.

ಏಪ್ರಿಲ್ ಬೇರೆ ಮಾತು. ಸಿಲ್ವ್ರೆಟ್ಟಾ ಪರ್ವತಸಾಲಿನಲ್ಲಿ 2,443 ಮೀಟರ್ ಎತ್ತರದ ವೀಸ್‌ಬಾಡೆನರ್ ಹುಟ್ಟೆಯಲ್ಲಿ (ಹುಟ್ಟೆ ಎಂದರೆ ಬೆಟ್ಟದ ತಂಗುಮನೆ) ತಂಗಿ, ಓಕ್ಸೆನ್‌ಟಾಲರ್ ಹಿಮನದಿಯ ಮೇಲೆ 3,312 ಮೀಟರಿನ ಪಿತ್ಸ್ ಬುಯಿನ್ ಕಡೆಗೆ ಹೊರಟಾಗ ಬೆಳಗಿನ ಏರು ಯಾವ ತಕರಾರೂ ಇಲ್ಲದೆ ಮುಗಿಯಿತು. ರಾತ್ರಿ ಹೆಪ್ಪುಗಟ್ಟಿದ ಹಿಮ, ಒಣ ತಳ, ಹಿಂದಿನ ಸಂಜೆ ಹುಟ್ಟೆಯ ಒಣಗಿಸುವ ಕೋಣೆಯಲ್ಲಿ ತೂಗುಹಾಕಿದ್ದ ಸ್ಕಿನ್. ತೊಂದರೆ ಎದುರಾದದ್ದು ಮಧ್ಯಾಹ್ನ, ಮೆತ್ತಗಾದ ಹಿಮದಲ್ಲಿ ಇಳಿದು ಇನ್ನೊಂದು ಪಕ್ಕದ ದಿಣ್ಣೆಗೆ ಹತ್ತಲು ನಿಂತಾಗ. ತಳದಿಂದ ನೀರು ತೊಟ್ಟಿಕ್ಕುತ್ತಿತ್ತು, ಬಟ್ಟೆ ಒದ್ದೆ, ಗವಸು ಒದ್ದೆ. ಒರೆಸಿದಷ್ಟೂ ತೆಳು ಪೊರೆ ಉಳಿಯುತ್ತಲೇ ಇತ್ತು. ಸ್ಕಿನ್ ಹಿಡಿದಂತೆ ಕಂಡು, ನೂರು ಹೆಜ್ಜೆಯೊಳಗೆ ಬಾಲದ ಕಡೆಯಿಂದ ಸಡಿಲಾಗಿ, ನಿಂತಲ್ಲೇ ದಿಕ್ಕು ಬದಲಿಸುವ ಕಿಕ್ ಟರ್ನ್‌ನಲ್ಲಿ ಸ್ಕೀ ಎತ್ತಿದಾಗ ನಡುವೆ ಜೋತುಬಿತ್ತು. ಅಲ್ಲಿ ಕೆಲಸಕ್ಕೆ ಬಂದದ್ದು ಬಕಲ್ ಇರುವ ರಬ್ಬರಿನಂಥ ಸ್ಟ್ರಾಪ್‌ಗಳು: ಬೂಟಿನ ಹಿಂದೆ ಒಂದು, ಮುಂದೆ ಒಂದು, ಸ್ಕೀಯನ್ನು ಸುತ್ತಿ ಬಿಗಿದರೆ ಸ್ಕಿನ್ ಅಂಟಿಲ್ಲದೆಯೂ ನಿಲ್ಲುತ್ತದೆ. ಜಾರುವಿಕೆ ಕೆಡುತ್ತದೆ, ಆದರೆ ಹತ್ತಲಾಗುತ್ತದೆ. ನನ್ನೊಂದಿಗಿದ್ದವರ ಹಾಟ್-ಮೆಲ್ಟ್ ಅಂಟೂ ಆ ನೀರಿನಲ್ಲಿ ಸುಖವಾಗಿರಲಿಲ್ಲ, ಆದರೂ ಸ್ಟ್ರಾಪ್ ಇಲ್ಲದೆ ಹಿಡಿಯಿತು. ವಸಂತದಲ್ಲಿ ದಿನಕ್ಕೆ ಎರಡು ಮೂರು ಸಲ ಹತ್ತಿ ಇಳಿಯುವ ಹಿಮನದಿ ಪ್ರವಾಸಕ್ಕೆ ನಾನು ಇಂದಿಗೂ ಅಂಟಿನ ಸ್ಕಿನ್ ಅನ್ನೇ ಒಯ್ಯುತ್ತೇನೆ. ಈ ವಿಚಾರದಲ್ಲಿ ತಯಾರಕರ ಹೊಗಳಿಕೆಯನ್ನು ನಂಬಲು ಸಿದ್ಧನಿಲ್ಲ.

ರೋಮದ ಬದಿಗೆ ಒದ್ದೆ ಹಿಮ ಮೆತ್ತಿ, ನೆರಳಿಗೆ ಬಂದಾಗ ಗಡ್ಡೆಗಟ್ಟುವ ಕಾಟವನ್ನು ಕೆಲವರು ಅಂಟಿಲ್ಲದ ಸ್ಕಿನ್‌ಗಳ ತಲೆಗೆ ಕಟ್ಟುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಸಿಲಿನಲ್ಲಿ ನೀರು ಕುಡಿದ ರೋಮ ಚಳಿಗೆ ಸಿಕ್ಕಿದರೆ ಯಾವ ಸ್ಕಿನ್‌ನಲ್ಲೂ ಗಡ್ಡೆಯಾಗುತ್ತದೆ; ಹೊರಡುವ ಮೊದಲು ರೋಮದ ದಿಕ್ಕಿನಲ್ಲಿ ಸ್ಕಿನ್ ವ್ಯಾಕ್ಸ್ ಉಜ್ಜಿದರೆ ಬಹಳಷ್ಟು ತಪ್ಪುತ್ತದೆ.

ನಿರ್ವಹಣೆಯಲ್ಲಿ ಹೊಸದು ಸ್ಪಷ್ಟವಾಗಿ ಮೇಲು. ಪೈನ್ ಎಲೆ, ಉಣ್ಣೆಯ ಎಳೆ, ಮಣ್ಣು ಎಲ್ಲವೂ ಪದರದ ಮೇಲೆಯೇ ಕೂತಿರುತ್ತವೆ, ಒಳಗೆ ಹೂತುಹೋಗುವುದಿಲ್ಲ. ನನ್ನ ಸ್ಕಿನ್‌ನ ತಯಾರಕರು ಅನುಮತಿಸಿರುವುದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸುತ್ತೇನೆ. ಹಿಡಿತ ಮರಳಿ ಬರುತ್ತದೆ. ಕೆಲವು ಮಾದರಿಗಳಿಗೆ ಅವರದೇ ದ್ರವ ಬೇಕಾಗುತ್ತದೆ, ಸೂಚನೆ ಓದದೆ ನೀರು ಮುಟ್ಟಿಸಬಾರದು. ವ್ಯಾಕ್ಸ್ ಮಾತ್ರ ಇವುಗಳ ಶತ್ರು. ಸ್ಕೀಯ ತಳಕ್ಕೆ ಬಿಸಿ ವ್ಯಾಕ್ಸ್ ಹಾಕಿದ ಮೇಲೆ ಕೆರೆದು, ಬ್ರಷ್ ಮಾಡಿ, ಬಟ್ಟೆಯಿಂದ ಉಜ್ಜಿ, ಮೇಲೆ ಮೇಣದ ಪುಡಿ ಉಳಿಯದಂತೆ ನೋಡಿಕೊಳ್ಳದಿದ್ದರೆ ಅದು ಪದರಕ್ಕೆ ವರ್ಗವಾಗಿ ಹಿಡಿತವನ್ನು ಕಡಿಮೆ ಮಾಡುತ್ತದೆ. ವ್ಯಾಕ್ಸ್ ಹಾಕಿದ ಮೊದಲ ದಿನ ಲಿಫ್ಟ್ ಇರುವಲ್ಲಿ ಒಂದೆರಡು ಸಲ ಇಳಿದು, ಮರುದಿನ ಟೂರಿಂಗ್‌ಗೆ ಒಯ್ಯುವುದು ನನ್ನ ರೂಢಿ.

ಬಾಳಿಕೆಯ ವಿಚಾರದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಹಾಟ್-ಮೆಲ್ಟ್ ಅಂಟು ಸತ್ತರೆ ಇಸ್ತ್ರಿಪೆಟ್ಟಿಗೆ ಮತ್ತು ಬ್ರೌನ್ ಪೇಪರ್ ಹಿಡಿದು ಹಳೆಯದನ್ನು ಹೀರಿ ತೆಗೆದು, ಹೊಸ ಅಂಟನ್ನು ಮನೆಯಲ್ಲೇ ಹಚ್ಚಬಹುದು. ಸಿಲಿಕೋನ್ ಪದರ ಬಟ್ಟೆಯಿಂದ ಬಿಟ್ಟುಕೊಳ್ಳಲು ಶುರುವಾದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ನನ್ನ ಮೊದಲ ಜೋಡಿಯಲ್ಲಿ ತುದಿಯ ಲೋಹದ ಬಳೆಯ ಹತ್ತಿರ, ಪ್ರತಿ ಸಲವೂ ಬೆರಳು ಹಾಕಿ ಸುಲಿಯುವ ಜಾಗದಲ್ಲೇ, ಪದರ ಸಿಪ್ಪೆಯಂತೆ ಎದ್ದು ಬಂದಿತು. ಆಮೇಲಿನಿಂದ ಸುಲಿಯುವಾಗ ಪದರವನ್ನು ಕೀಳದೆ, ತುದಿಯ ಬಳೆಯನ್ನೇ ಹಿಡಿದು, ಸ್ಕೀಗೆ ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತ ಎಳೆಯುತ್ತೇನೆ. ಎರಡನೆಯ ಜೋಡಿಯ ತುದಿ ಇನ್ನೂ ಗಟ್ಟಿಯಾಗಿದೆ.

ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೊರಡುವ ಗೆಳೆಯರು ಯಾವುದನ್ನು ಕೊಳ್ಳಬೇಕೆಂದು ಕೇಳುತ್ತಾರೆ. ಜನವರಿ ಮತ್ತು ಫೆಬ್ರುವರಿಯ ಅಲ್ಲಿನ ಒಣ ಪುಡಿಹಿಮಕ್ಕೆ, ರೋಪ್‌ವೇ ಗೊಂಡೋಲಾದಿಂದ ಮೇಲಕ್ಕೆ ಹೋಗಿ ಅಫರ್ವಾಟ್ ಬೆಟ್ಟದ ದಿಣ್ಣೆಯಲ್ಲಿ ಚಿಕ್ಕ ಏರುಗಳನ್ನು ಹತ್ತುವವರಿಗೆ, ಅಂಟಿಲ್ಲದ್ದನ್ನು ಅಳುಕಿಲ್ಲದೆ ಹೇಳುತ್ತೇನೆ. ಬಾಡಿಗೆ ಸ್ಕೀಯಾದರೆ ತಳದಲ್ಲಿ ಹಿಂದಿನವರ ಅಂಟು ಮತ್ತು ವ್ಯಾಕ್ಸ್ ಉಳಿದಿರುವುದು ಸಾಮಾನ್ಯವಾದ್ದರಿಂದ, ಮೊದಲ ರಾತ್ರಿಯೇ ತಳವನ್ನು ಕೆರೆದು ಉಜ್ಜಿ, ಕೋಣೆಯಲ್ಲಿ ಒಮ್ಮೆ ಸ್ಕಿನ್ ಹಚ್ಚಿ ಬೆಳಗಿನವರೆಗೆ ಹಿಡಿದುಕೊಂಡಿದೆಯೇ ಎಂದು ನೋಡಿಕೊಳ್ಳಬೇಕು, ಮತ್ತು ಸ್ಟ್ರಾಪ್‌ಗಳನ್ನು ಹೊರಡುವಾಗಲೇ ಜೊತೆಗೆ ಒಯ್ಯಬೇಕು.