ಅಡಿಕೆಗೆ ಮದ್ದು ಬಿಡಲು (ಸಿಂಪಡಿಸಲು) ಹೊಸಬರಿಗೆ ಕಲಿಸುವವರಿಗೆ ಒಂದು ಸಲಹೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದವರೇ, ಈ ಮಳೆಗಾಲಕ್ಕೆ ಮೊದಲು ಹೊಸ ಹುಡುಗರನ್ನು ಅಡಿಕೆಗೆ ಮದ್ದು ಬಿಡಲು ತಯಾರು ಮಾಡುವುದಿದ್ದರೆ ಇದನ್ನು ದಯವಿಟ್ಟು ಓದಿ.

ಒಳ್ಳೆಯ ಕೆಲಸಗಾರನಿಗೆ ಕಲಿಸಲೂ ಬರುತ್ತದೆ ಅಂತ ಇಲ್ಲ. ಕೈ ಪಳಗಿದವರಿಗೆ ಅರ್ಧ ಕೆಲಸ ಯೋಚನೆಯಿಲ್ಲದೆ ಆಗಿಬಿಡುತ್ತದೆ, ಹೇಳುವಾಗ ಅದೇ ಬಿಟ್ಟುಹೋಗುತ್ತದೆ. ಅಡಿಕೆಯ ಕೊಳೆರೋಗ ತಡೆಯಲು ಬಿಡುವ ಬೋರ್ಡೋ ದ್ರಾವಣವನ್ನೇ ನೋಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಅಂತ ಎಲ್ಲರೂ ಹೇಳುತ್ತಾರೆ. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ, ಕಬ್ಬಿಣದ ಪಾತ್ರೆ ಬೇಡವೇ ಬೇಡ. ಇಷ್ಟನ್ನು ಬಿಡಿಸಿ ಹೇಳುವವರು ಕಡಿಮೆ. ದ್ರಾವಣದಲ್ಲಿ ಕತ್ತಿ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಇನ್ನೂ ಬೇಕು. ಆ ಕತ್ತಿಯನ್ನು ಕಲಿಯುವವನ ಕೈಗೇ ಕೊಡಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆ ಮೇಸ್ತ್ರಿಗಳಿಗೆ ಹೇಳಿಕೊಟ್ಟ ಕ್ರಮ ನಮ್ಮ ತೋಟಕ್ಕೂ ಸರಿಯಾಗುತ್ತದೆ: ಅವನಿಗೆ ಏನು ಗೊತ್ತಿದೆ ಅಂತ ಕೇಳಿ, ಮಾಡಿ ತೋರಿಸಿ, ಅವನಿಂದ ಮಾಡಿಸಿ, ಆಮೇಲೆ ಆಗಾಗ ಹೋಗಿ ನೋಡಿ. ಮಾಡಿಸುವುದೇ ಮುಖ್ಯ. ಮಾಡುತ್ತಾ, ಹೀಗೆ ಯಾಕೆ ಅಂತ ಅವನೇ ಬಾಯಿಬಿಟ್ಟು ಹೇಳಲಿ. ತಲೆ ಆಡಿಸಿದರೆ ಅರ್ಥ ಆಯಿತು ಅಂತ ತಿಳಿಯಬೇಡಿ.

ಮದ್ದು ಬಿಡಲು ಮರ ಹತ್ತುವುದು ಮಾತ್ರ ಬೇರೆ ವಿಷಯ. ಅಲ್ಲಿ ಜೀವದ ಪ್ರಶ್ನೆ, ನೋಡಿ ಕಲಿತರೆ ಸಾಲದು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಆವರಣದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಇದೆಯಾ ಅಂತ ಮೊದಲೇ ವಿಚಾರಿಸಿ.