ಕರೆಂಟು ಹೋದಾಗ ಇಂಗ್ಲಿಷಿನಲ್ಲಿ ಏನು ಹೇಳುವುದು?

ನಾನಿರುವುದು ಬದಿಯಡ್ಕದ ಹತ್ತಿರ. ಇಂಗ್ಲೆಂಡಿನ ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮಂಗಳೂರಿನ ಒಂದು ಆಫೀಸಿನ ಮೂಲಕ ಬರುತ್ತದೆ, ಮಾಡುವುದು ಮನೆಯಿಂದಲೇ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು, ಸರಕಾರಿ ಕಚೇರಿಗೆ ಹೋದರೆ ಮಲಯಾಳ. ಹಾಗಾಗಿ ಕಾಸರಗೋಡಿನವರಿಗೆ ಇನ್ನೊಂದು ಭಾಷೆ ಅಂದರೆ ದೊಡ್ಡ ಹೆದರಿಕೆ ಏನಿಲ್ಲ. ಇಂಗ್ಲಿಷ್ ವ್ಯಾಕರಣವೂ ತಕ್ಕಮಟ್ಟಿಗೆ ಬರುತ್ತಿತ್ತು. ಆದರೆ ಫೋನಿನಲ್ಲಿ ನಾನು ಮಾತಾಡಿದರೆ ಆರ್ಡರ್ ಕೊಟ್ಟ ಹಾಗೆ ಕೇಳುತ್ತಿತ್ತು. 'ಸೆಂಡ್ ದಿ ಬಿಲ್.' 'ವೇಟ್ ಒನ್ ಮಿನಿಟ್.' ವ್ಯಾಕರಣ ಸರಿ, ಮರ್ಯಾದೆ ಎಲ್ಲಿಯೂ ಇಲ್ಲ. ನಮ್ಮಲ್ಲಿ 'ಕಳಿಸಿ' ಅಂದರೆ ಸಾಕು, ಮರ್ಯಾದೆ ಅದರಲ್ಲೇ ಬಂತು. ಅಲ್ಲಿ ಅದಕ್ಕೆ ಬೇರೆಯೇ ಮಾತು ಸೇರಿಸಬೇಕು.

ಪುಸ್ತಕ ತಂದು ಬಾಯಿಪಾಠ ಮಾಡುವ ಗೋಜಿಗೆ ಹೋಗಲಿಲ್ಲ. ಇಂಗ್ಲೆಂಡಿನ ಗಿರಾಕಿಗಳು ಅವರವರೊಳಗೆ ಮಾತಾಡುವಾಗ ಏನು ಹೇಳುತ್ತಾರೆ ಅಂತ ಕೇಳಿಸಿಕೊಂಡು ಡೈರಿಯ ಹಿಂದಿನ ಪುಟಗಳಲ್ಲಿ ಬರೆಯುತ್ತಾ ಹೋದೆ. ಅರ್ಥ ಬರೆಯಲಿಲ್ಲ, ಯಾವಾಗ ಹೇಳಿದರು ಅಂತ ಮಾತ್ರ ಬರೆದೆ. 'ಫೈಲ್ ತಡವಾದಾಗ', 'ಇಬ್ಬರೂ ಒಟ್ಟಿಗೆ ಮಾತಾಡಿದಾಗ', 'ಶುಕ್ರವಾರ ಆಗುವುದಿಲ್ಲ ಅನ್ನಲು', ಹೀಗೆ. ಆಮೇಲೆ ಒಂದು ಮೀಟಿಂಗಿಗೆ ಒಂದೇ ಮಾತು ಆರಿಸಿಕೊಂಡು, ಅದನ್ನು ಹೇಗಾದರೂ ಮಾಡಿ ಬಳಸುವುದು. ನನಗೆ ಕೆಲಸಕ್ಕೆ ಬಂದದ್ದು ಇದೇ.

ಸಾರಿ ವಿಷಯ ಬೇಗ ಮುಗಿಯಿತು. ಹಾದಿ ಬಿಡಿ ಅನ್ನಲು, ಯಾರನ್ನಾದರೂ ಕರೆಯಲು ಮೊದಲೇ ಹೇಳುವುದು ಎಕ್ಸ್‌ಕ್ಯೂಸ್ ಮಿ. ತಾಗಿದ ಮೇಲೆ, ತಡವಾದ ಮೇಲೆ ಹೇಳುವುದು ಸಾರಿ. ಕೇಳಿಸದಿದ್ದರೆ 'ವಾಟ್?' ಬೇಡ, ಸ್ವರ ಸ್ವಲ್ಪ ಮೇಲೆತ್ತಿ 'ಸಾರಿ?' ಅಂದರೆ ಅವರೇ ಇನ್ನೊಮ್ಮೆ ಹೇಳುತ್ತಾರೆ. ಸಣ್ಣದಕ್ಕೆ 'ಸಾರಿ ಅಬೌಟ್ ದಟ್'. ಇಮೇಲಿನಲ್ಲಾದರೆ 'ಅಪಾಲಜೀಸ್ ಫಾರ್ ದಿ ಡಿಲೇ'. ನಮ್ಮವರಿಗೆ ಎಲ್ಲದಕ್ಕೂ 'ಎಕ್ಸ್‌ಟ್ರೀಮ್ಲಿ ಸಾರಿ' ಬೇಕು. ಎರಡು ನಿಮಿಷ ತಡವಾದದ್ದಕ್ಕೆ ಅದನ್ನೇ ಖರ್ಚು ಮಾಡಿದರೆ ನಿಜವಾಗಿ ಲೆಕ್ಕ ಕೆಟ್ಟ ದಿನ ಹೇಳಲು ಏನು ಉಳಿಯುತ್ತದೆ?

ಕಷ್ಟವಾದದ್ದು ನಡುವೆ ಬಾಯಿ ಹಾಕುವುದು. ನಮ್ಮ ಮನೆಗಳಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೂ ಎಲ್ಲರಿಗೂ ಎಲ್ಲವೂ ಕೇಳುತ್ತದೆ, ಯಾರಿಗೂ ಬೇಸರವಿಲ್ಲ. ಫೋನಿನಲ್ಲಿ ಹಾಗೆ ನಡೆಯುವುದಿಲ್ಲ. ಲೈನಿನಲ್ಲಿ ಮಾತು ತಲುಪುವುದೇ ತುಸು ತಡ, ಅವರು ನಿಲ್ಲಿಸಿದರು ಅಂತ ನಾವು ಶುರು ಮಾಡುವಷ್ಟರಲ್ಲಿ ಅವರೂ ಶುರು ಮಾಡಿರುತ್ತಾರೆ. ಆಗ 'ಸಾರಿ, ಯು ಗೋ ಅಹೆಡ್' ಅಂತ ಬಿಟ್ಟುಕೊಟ್ಟರೆ ಮುಂದಿನ ಸರದಿ ನಮಗೇ ಸಿಗುತ್ತದೆ. ಬಹಳ ಸಲ ಅವರೇ 'ಯು ವರ್ ಸೇಯಿಂಗ್?' ಅಂತ ಕೇಳುತ್ತಾರೆ.

ಒಮ್ಮೆ ಬಟ್ಟೆ ಅಂಗಡಿಯೊಂದರ ಲೆಕ್ಕ ನೋಡುತ್ತಿದ್ದೆವು. ಅಲ್ಲಿ ದೊಡ್ಡವರ ಬಟ್ಟೆಗೆ ವ್ಯಾಟ್ ಅನ್ನುವ ಮಾರಾಟದ ತೆರಿಗೆ 20 ಶೇಕಡ, ಮಕ್ಕಳ ಬಟ್ಟೆಗೆ ಸೊನ್ನೆ. ಅಂಗಡಿಯಿಂದ ಬಂದ ಪಟ್ಟಿಯಲ್ಲಿ ಮಕ್ಕಳ ಬಟ್ಟೆಗೂ 20 ಬಿದ್ದಿತ್ತು. ಅಂಗಡಿಯಾಕೆ ಮತ್ತು ಆಕೆಯ ಪಾಲುದಾರ ಆ ಪುಟ ದಾಟಿ ಬಾಡಿಗೆಗೆ ಬಂದಾಗಿದೆ, ಮಾತು ನಿಲ್ಲುವ ಲಕ್ಷಣವೇ ಇಲ್ಲ. 'ದಿಸ್ ಈಸ್ ರಾಂಗ್' ಅಂದರೆ ಮುಖಕ್ಕೆ ಹೊಡೆದ ಹಾಗೆ. ಆಕೆ ಉಸಿರು ತೆಗೆದುಕೊಳ್ಳುವಾಗ ಮೊದಲು ಹೆಸರು ಕರೆದೆ. ಅದರ ಹಿಂದೆಯೇ 'ಸಾರಿ ಟು ಇಂಟರಪ್ಟ್. ಬಿಫೋರ್ ವಿ ಮೂವ್ ಆನ್, ಕುಡ್ ಐ ಜಸ್ಟ್ ಗೋ ಬ್ಯಾಕ್ ಟು ದಿ ಚಿಲ್ಡ್ರನ್ಸ್ ಕ್ಲೋತ್ಸ್?' ಅಂದೆ. 'ಯೆಸ್, ಆಫ್ ಕೋರ್ಸ್' ಅಂದರು. ಹೆಸರು ಮೊದಲು ಹೇಳುವುದು ಮುಖ್ಯ. ಹೆಸರು ಕಿವಿಗೆ ಬಿದ್ದರೆ ಯಾರಾದರೂ ಒಂದು ಗಳಿಗೆ ನಿಲ್ಲುತ್ತಾರೆ, ಉಳಿದ ವಾಕ್ಯ ಹೇಳಲು ಅಷ್ಟು ಜಾಗ ಸಾಕು. ಇನ್ನು ಆ 'ಜಸ್ಟ್' ಅನ್ನುವುದು ನಮ್ಮ 'ಸ್ವಲ್ಪ' ಇದ್ದ ಹಾಗೆ. 'ಸ್ವಲ್ಪ ಆಚೆ ಕೂತ್ಕೊಳ್ಳಿ' ಅನ್ನುವಾಗ ಯಾರೂ ಅಳತೆ ಹೇಳುತ್ತಿಲ್ಲವಲ್ಲ.

ಇದನ್ನೆಲ್ಲ ಅಭ್ಯಾಸ ಮಾಡಿದ್ದು ಅಕ್ಕನ ಮಗಳ ಜೊತೆ. ಅವಳು ಅಂಗಡಿಯಾಕೆ, ನಾನು ನಾನೇ. "ಮಾವ, ನೀವು ಸಾರಿ ಹೇಳ್ತಾ ಇದ್ದೀರೋ, ಜೋರು ಮಾಡ್ತಾ ಇದ್ದೀರೋ? ಗೊತ್ತೇ ಆಗುವುದಿಲ್ಲ" ಅಂತ ನಗುತ್ತಿದ್ದಳು. ಅವಳು ಹೇಳಿದ್ದು ಸರಿ. ಸಾರಿಯನ್ನು ಗಟ್ಟಿಯಾಗಿ ಒತ್ತಿ ಹೇಳಿದರೆ ಜಗಳ, ಮೆಲ್ಲಗೆ ಹೇಳಿ ಮುಂದಿನ ಮಾತಿಗೆ ಹೋದರೆ ಮರ್ಯಾದೆ. ಎಕ್ಸ್‌ಕ್ಯೂಸ್ ಮಿ ಅನ್ನುವಾಗ ಕೊನೆಯ ಸಕಾರವನ್ನು ಝ್ ಅಂತ ಗುಂಯ್‌ಗುಡಿಸಬೇಕು, ನೆಪ ಅನ್ನುವ ಅರ್ಥದ ಎಕ್ಸ್‌ಕ್ಯೂಸಿನಲ್ಲಿ ಸ್ ಅಂತಲೇ ಬಿಡಬೇಕು ಅಂತಲೂ ಅವಳೇ ತೋರಿಸಿದಳು. ನನ್ನ ಬಾಯಲ್ಲಿ ಈಗಲೂ ಎರಡೂ ಒಂದೇ. ಇದುವರೆಗೆ ಯಾರೂ ಕೇಳಿದ್ದಿಲ್ಲ.

ಇನ್ನು ನೆಪ. ಜೂನ್ ಬಂದರೆ ನಮ್ಮಲ್ಲಿ ನೆಪಕ್ಕೆ ಬರಗಾಲವಿಲ್ಲ. ಗಾಳಿ ಬರುತ್ತದೆ, ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಇದನ್ನು ಕನ್ನಡದಲ್ಲಿ ಹೇಳುವಾಗ ನಾವು ಮರದಿಂದಲೇ ಶುರು ಮಾಡುತ್ತೇವೆ: ಯಾರ ತೋಟದ ಮರ, ಲೈನ್‌ಮ್ಯಾನ್ ಎಷ್ಟು ಹೊತ್ತಿಗೆ ಬಂದ, ಅವನು ಏನು ಹೇಳಿದ. ಅಷ್ಟು ಹೇಳದಿದ್ದರೆ ಕೇಳುವವರಿಗೆ ನಂಬಿಕೆಯೇ ಬರುವುದಿಲ್ಲ. ನನ್ನ ಗಿರಾಕಿಗಳ ಹತ್ತಿರ ಇದು ಉಲ್ಟಾ. ಕತೆ ಉದ್ದವಾದಷ್ಟೂ 'ಐ ಸೀ' ಅನ್ನುವ ಸ್ವರ ತಣ್ಣಗಾಗುತ್ತದೆ. ಹಾಗಾಗಿ ಮರವನ್ನು ಬಿಟ್ಟೆ. 'ಸಾರಿ, ವಿ ಹ್ಯಾವ್ ಎ ಪವರ್ ಕಟ್ ಹಿಯರ್. ಐ'ಲ್ ಸೆಂಡ್ ಇಟ್ ಫಸ್ಟ್ ಥಿಂಗ್ ಟುಮಾರೋ.' ಒಂದು ಸಾರಿ, ಒಂದು ಕಾರಣ, ಯಾವಾಗ ಕೊಡುತ್ತೇನೆ ಅನ್ನುವುದು. ಅವರಿಗೆ ಬೇಕಾದದ್ದು ಆ ಕೊನೆಯದು ಮಾತ್ರ.

ಮನೆಯ ಕಾರ್ಯಕ್ರಮಗಳಿಗೂ ಹೀಗೇ. ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ದೈವದ ಕೋಲ ಉಂಟು ಅಂತ ವಿವರಿಸಲು ಹೋದರೆ ಮೀಟಿಂಗೇ ಮುಗಿದು ಹೋಗುತ್ತದೆ. 'ಐ ಹ್ಯಾವ್ ಎ ಫ್ಯಾಮಿಲಿ ಕಮಿಟ್‌ಮೆಂಟ್' ಅಂದರೆ ಕೋಲವೂ ಬಂತು, ತಿಥಿಯೂ ಬಂತು, ಮದುವೆಯೂ ಬಂತು. ಅದನ್ನೂ ಹೇಳಲು ಮನಸ್ಸಿಲ್ಲದಿದ್ದರೆ 'ಸಮ್‌ಥಿಂಗ್ ಹ್ಯಾಸ್ ಕಮ್ ಅಪ್'. ಏನು ಅಂತ ಮರಳಿ ಕೇಳುವವರು ಕಡಿಮೆ. 'ಔಟ್ ಆಫ್ ಸ್ಟೇಷನ್' ಮಾತ್ರ ಬೇಡ. ಅದು ನಮ್ಮ ದೇಶದೊಳಗೆ ನಡೆಯುವ ನಾಣ್ಯ, ಅಲ್ಲಿ 'ಅವೇ' ಅಂದರೆ ಸಾಕು.

'ಐ ವಿಲ್ ಟ್ರೈ' ಕೂಡ ಅಪಾಯ. ನಮ್ಮೂರಲ್ಲಿ 'ನೋಡುವ' ಅಂದರೆ ಬರುವುದಿಲ್ಲ ಅಂತ ಕರೆದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಇಂಗ್ಲೆಂಡಿನವರು ಅದನ್ನು ನಂಬಿ ಕಾಯುತ್ತಾರೆ. ಆಗದಿದ್ದರೆ 'ಐ'ಮ್ ಅಫ್ರೇಡ್ ಐ ಕಾಂಟ್ ಮೇಕ್ ಫ್ರೈಡೇ. ವುಡ್ ಮಂಡೇ ವರ್ಕ್?' ಅನ್ನುವುದು ಒಳ್ಳೆಯದು.

ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ಅವರ ಬೆಳಗಿನ 9 ಗಂಟೆ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ 2.30, ಆಮೇಲೆ 1.30. ಪ್ರತಿ ವರ್ಷ ನಮ್ಮಲ್ಲಿ ಯಾರಾದರೊಬ್ಬರು ಊಟ ಮಾಡಿ ಆರಾಮವಾಗಿ ಮೀಟಿಂಗಿಗೆ ಬರುವಾಗ ಮೀಟಿಂಗ್ ಮುಗಿದಿರುತ್ತದೆ. ಅದಕ್ಕೆಂದೇ 'ಸಾರಿ ಫಾರ್ ದಿ ಮಿಕ್ಸ್-ಅಪ್' ಇದೆ. ಯಾರ ತಪ್ಪು ಅಂತ ಅದರಲ್ಲಿ ಎಲ್ಲಿಯೂ ಇಲ್ಲ, ಸಾರಿ ಮಾತ್ರ ಇದೆ. ಎಷ್ಟು ಚಂದ ಅಲ್ವಾ?

ನನಗೆ ತುಂಬ ಇಷ್ಟವಾದದ್ದು ಮಾತ್ರ 'ಸಾರಿ ಟು ಚೇಸ್', ಅಂದರೆ ಬೆನ್ನು ಬಿಡದೆ ಮತ್ತೆ ಕೇಳುತ್ತಿರುವುದಕ್ಕೆ ಸಾರಿ. ಅಲ್ಲಿನ ಸೆಲ್ಫ್ ಅಸೆಸ್‌ಮೆಂಟ್ ಅನ್ನುವ ಆದಾಯ ತೆರಿಗೆ ರಿಟರ್ನ್ ಆನ್‌ಲೈನಿನಲ್ಲಿ ಹಾಕಲು ಜನವರಿ 31 ಕೊನೆಯ ದಿನ, ತಪ್ಪಿದರೆ 100 ಪೌಂಡ್ ದಂಡ. ಡಿಸೆಂಬರಿನಲ್ಲಿ ಎಷ್ಟು ಕೇಳಿದರೂ ಗಿರಾಕಿಗಳು ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸುವುದಿಲ್ಲ. ತಡ ಮಾಡಿದವರು ಅವರು, ಸಾರಿ ಹೇಳುವವರು ನಾವು! ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಜನವರಿ ಮೊದಲ ವಾರವೇ ಹಾಕಿಬಿಡುತ್ತೇನೆ: 'ಸಾರಿ ಟು ಚೇಸ್, ಬಟ್ ಕುಡ್ ಯು ಲೆಟ್ ಮಿ ಹ್ಯಾವ್ ದಿ ಸ್ಟೇಟ್‌ಮೆಂಟ್ಸ್ ಬೈ ಫ್ರೈಡೇ?' ಹೆಚ್ಚಿನವರು ಅದೇ ದಿನ ಕಳಿಸುತ್ತಾರೆ, ಜೊತೆಗೆ 'ಸೋ ಸಾರಿ, ಬೀನ್ ಮೀನಿಂಗ್ ಟು ಸೆಂಡ್ ದೀಸ್' ಅಂತ ಒಂದು ಸಾಲೂ ಇರುತ್ತದೆ. ಅದನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ನನಗೂ ಬೇಕಾಗುತ್ತದೆ.